ಸತ್ತ ದನವನ್ನು ಕೊಯ್ಯುವ ಮುನ್ನ

ಪರಸ್ಥಳದಲ್ಲಿ ಬಾಳುವ ಕನ್ನಡಿಗನ ಸಂಪಾದನೆಯಲ್ಲಿ ಊರಿನ ಹಟ್ಟಿಗೂ ಒಂದು ಪಾಲುಂಟು. ಮುಂಬಯಿಯ ಹೋಟೆಲುಗಳಲ್ಲಿ, ಪುಣೆಯ ಕಾರ್ಖಾನೆಗಳಲ್ಲಿ, ಚೆನ್ನೈ ಹೈದರಾಬಾದುಗಳ ಕಚೇರಿಗಳಲ್ಲಿ ದುಡಿಯುವ ನಮ್ಮವರು ಊರಿಗೆ ಕಳುಹಿಸುವ ಹಣದಿಂದ ತಾಯಿಯ ಔಷಧ, ತಮ್ಮನ ಓದು, ಮನೆಯ ಮಾಡಿನ ದುರಸ್ತಿ ನಡೆಯುವಂತೆಯೇ ಒಂದು ಹಸುವಿನ ಇಲ್ಲವೆ ಒಂದು ಎಮ್ಮೆಯ ಖರೀದಿಯೂ ನಡೆಯುತ್ತದೆ. ಆ ಹಸು ಮನೆಯಲ್ಲುಳಿದ ಮುದುಕರಿಗೆ ಜೊತೆ; ಡೈರಿಗೆ ಹಾಲು ಹಾಕಿದರೆ ವಾರದ ಕೈಖರ್ಚು. ಆದುದರಿಂದ ದನಕರುಗಳ ರೋಗದ ವಿಚಾರವು ಹಳ್ಳಿಯಲ್ಲಿರುವವರಿಗೆ ಮಾತ್ರ ಸಂಬಂಧಿಸಿದುದೆಂದು ನಮ್ಮ ವಾಚಕರು ಭಾವಿಸಲಾರರೆಂದು ನಂಬಿದ್ದೇವೆ.

ಊರಿನಿಂದ "ಹಸು ಸತ್ತಿತು" ಎಂಬ ಸುದ್ದಿ ಬರುವಾಗ ಅದರ ಬೆನ್ನಿಗೇ ಒಂದು ಊಹೆಯೂ ಬರುತ್ತದೆ. ಹಾವು ಕಚ್ಚಿರಬೇಕು, ಎಳೆ ಜೋಳದ ದಂಟು ಮೇದಿರಬೇಕು, ಯಾರದೋ ದೃಷ್ಟಿ ತಾಕಿರಬೇಕು. ಇವುಗಳಲ್ಲಿ ಮೊದಲಿನೆರಡು ಸುಳ್ಳಲ್ಲ. ಹಾವು ಕಚ್ಚಿ ದನ ಸಾಯುವುದುಂಟು. ಮಳೆಯಿಲ್ಲದೆ ಬಾಡಿದ ಎಳೆ ಜೋಳದಲ್ಲಿ ವಿಷಾಂಶವಿದ್ದು, ಅದನ್ನು ಮೇದ ದನ ಗಳಿಗೆಯೊಳಗೆ ಉರುಳಿ ಬೀಳುವುದೂ ಉಂಟು. ಆದರೆ ಹೀಗೆ ಒಮ್ಮೆಲೆ ಸತ್ತ ದನಗಳಲ್ಲಿ ಕೆಲವು ಮಾತ್ರ, ಬರಿಗಣ್ಣಿಗೆ ಕಾಣದ ರೋಗಾಣುವೊಂದಕ್ಕೆ ಬಲಿಯಾದುವಾಗಿರುತ್ತವೆ. ಊಹೆಯನ್ನು ನಂಬಿ ಆ ಕಳೇಬರವನ್ನು ಕೊಯ್ದಲ್ಲಿ, ಅಥವಾ ಹಳ್ಳದ ಬದಿಗೆ ಎಳೆದು ಹಾಕಿದಲ್ಲಿ, ಒಂದು ಹಸುವಿನ ನಷ್ಟಕ್ಕೆ ಮುಗಿಯಬೇಕಾಗಿದ್ದ ಸಂಗತಿಯು ಮನುಷ್ಯನ ಪ್ರಾಣಕ್ಕೂ ಬರಬಹುದು. ಹಸು ಏತರಿಂದ ಸತ್ತಿತೆಂಬುದನ್ನು ತಿಳಿಯುವ ಬಗೆ ಯಾವುದು, ಅದನ್ನು ತಿಳಿಯದೆ ಏನನ್ನು ಮಾಡಬಾರದು ಎಂಬುದನ್ನು ಇಲ್ಲಿ ಸಂಗ್ರಹವಾಗಿ ತಿಳಿಸಬಯಸುತ್ತೇವೆ.

ನೆರಡಿ: ಮಣ್ಣಿನಲ್ಲಿ ಅಡಗುವ ಮೃತ್ಯು

ಈ ರೋಗಗಳ ಪೈಕಿ ಅತ್ಯಂತ ಭಯಂಕರವಾದುದು ನೆರಡಿ. ವೈದ್ಯರು ಇದನ್ನು ಆಂಥ್ರಾಕ್ಸ್ ಎಂದು ಕರೆಯುತ್ತಾರೆ. ನಿನ್ನೆ ಸಂಜೆ ಮೇದು ಬಂದ ದನ ಇಂದು ಬೆಳಿಗ್ಗೆ ಹಟ್ಟಿಯಲ್ಲಿ ಸತ್ತು ಬಿದ್ದಿರುತ್ತದೆ. ಮೂಗು, ಬಾಯಿ, ಗುದದ್ವಾರಗಳಿಂದ ಕಪ್ಪಾದ ರಕ್ತ ಸೋರಿರುತ್ತದೆ. ಆ ರಕ್ತ ಹೆಪ್ಪುಗಟ್ಟುವುದಿಲ್ಲ. ಹೊಟ್ಟೆ ಬೇಗನೆ ಉಬ್ಬುತ್ತದೆ. ಸತ್ತ ಮೈ ಸೆಟೆದುಕೊಳ್ಳಬೇಕಾದಷ್ಟು ಸೆಟೆದುಕೊಳ್ಳುವುದಿಲ್ಲ.

ರೋಗಾಣುವಿನಿಂದ ರೋಗವುಂಟಾಗುತ್ತದೆಂಬ ಮಾತನ್ನು ಜಗತ್ತು ಒಪ್ಪಿಕೊಂಡುದೇ ಈ ನೆರಡಿಯ ಅಭ್ಯಾಸದಿಂದ. ಜರ್ಮನಿಯ ಒಂದು ಸಣ್ಣ ಊರಿನಲ್ಲಿ ವೈದ್ಯನಾಗಿದ್ದ ರಾಬರ್ಟ್ ಕಾಖ್ ಎಂಬಾತನು, ದೊಡ್ಡ ಪ್ರಯೋಗಶಾಲೆಯ ಆಸರೆಯಿಲ್ಲದೆ, ತನ್ನ ಮನೆಯಲ್ಲಿಯೇ ಕುಳಿತು ಈ ರೋಗಾಣುವಿನ ಬಾಳ್ವೆಯನ್ನು ಮೊದಲಿನಿಂದ ಕೊನೆಯವರೆಗೆ ಕಂಡುಹಿಡಿದು ೧೮೭೬ರಲ್ಲಿ ಪ್ರಕಟಿಸಿದನು. ಐದು ವರ್ಷಗಳ ತರುವಾಯ, ೧೮೮೧ರಲ್ಲಿ, ಫ್ರಾನ್ಸಿನ ಪುಯಿ-ಲೆ-ಫೋರ್ ಎಂಬ ಹಳ್ಳಿಯಲ್ಲಿ ಲೂಯಿ ಪಾಶ್ಚರನು ಜನರೆದುರು ಕುರಿಗಳಿಗೆ ಲಸಿಕೆ ಹಾಕಿ, ಲಸಿಕೆ ಹಾಕಿದ ಕುರಿಗಳು ಉಳಿಯುವುದನ್ನೂ ಹಾಕದವು ಸಾಯುವುದನ್ನೂ ತೋರಿಸಿಕೊಟ್ಟನು.

ಕಾಖನು ಕಂಡುಹಿಡಿದ ಮುಖ್ಯ ಸಂಗತಿಯೇ ನಮ್ಮ ಎಚ್ಚರಿಕೆಗೆ ಬುನಾದಿ. ಜೀವವಿರುವ ಮೈಯೊಳಗೆ ಈ ರೋಗಾಣು ಕಡ್ಡಿಯಂತೆ ಬೆಳೆಯುತ್ತದೆ. ಮೈಯಿಂದ ಹೊರಬಿದ್ದು ಗಾಳಿ ತಾಗಿತೆಂದರೆ ತನ್ನ ಸುತ್ತ ಗಟ್ಟಿಯಾದ ಕವಚವನ್ನು ಕಟ್ಟಿಕೊಂಡು ಬೀಜದಂತಾಗುತ್ತದೆ. ಆ ಬೀಜಾಣು ಬಿಸಿಲಿಗೆ ಬಾಡದು, ಮಳೆಗೆ ಕೊಳೆಯದು. ಮಣ್ಣಿನಲ್ಲಿ ಹತ್ತಾರು ವರ್ಷ ಸುಮ್ಮನೆ ಬಿದ್ದಿದ್ದು, ಹುಲ್ಲಿನೊಡನೆ ದನದ ಬಾಯಿಗೆ ಬಂದಾಗ ಮತ್ತೆ ಚಿಗುರುತ್ತದೆ. ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ಎಂಬ ಪುಟ್ಟ ದ್ವೀಪದಲ್ಲಿ ೧೯೪೨ರಲ್ಲಿ ಬ್ರಿಟಿಷ್ ಸರ್ಕಾರದವರು ಯುದ್ಧದ ಸಿದ್ಧತೆಯಾಗಿ ಈ ಬೀಜಾಣುಗಳನ್ನು ಸಿಡಿಸಿ ನೋಡಿದರು. ಆ ನೆಲವನ್ನು ಔಷಧದಿಂದ ತೊಳೆದು, ಅಪಾಯವಿಲ್ಲವೆಂದು ಸಾರುವಷ್ಟರಲ್ಲಿ ೧೯೯೦ನೆಯ ಇಸವಿ ಬಂದಿತ್ತು. ಒಂದು ಸತ್ತ ದನದ ಹೊಟ್ಟೆಯನ್ನು ಬಯಲಿನಲ್ಲಿ ಸೀಳುವುದೆಂದರೆ ಆ ಬಯಲಿಗೆ ಅಂತಹ ಬೀಜವನ್ನು ಬಿತ್ತಿದಂತೆಯೇ ಸರಿ.

ಆದುದರಿಂದಲೇ ನೆರಡಿಯ ಸಂಶಯವಿರುವ ಕಳೇಬರವನ್ನು ಪಶುವೈದ್ಯರೂ ಕೊಯ್ಯುವುದಿಲ್ಲ. ಕಿವಿಯ ನರದಿಂದ ಒಂದೇ ಒಂದು ಹನಿ ರಕ್ತವನ್ನು ತೆಗೆದು, ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಹಳೆಯದಾದ ಮೆಥಿಲೀನ್ ನೀಲಿ ಬಣ್ಣವನ್ನು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೆರಡಿಯಾಗಿದ್ದರೆ ತುದಿ ಕತ್ತರಿಸಿದಂತಿರುವ ನೀಲಿ ಕಡ್ಡಿಗಳು ಸಾಲಾಗಿ ತೋರುತ್ತವೆ. ಅವುಗಳ ಸುತ್ತ ನಸುಗೆಂಪು ಬಣ್ಣದ ಹೊದಿಕೆಯೊಂದು ಕಾಣುತ್ತದೆ. ಮ್ಯಾಕ್‌ಫೆಡಿಯನ್ ಎಂಬ ಪಶುವೈದ್ಯ ವಿಜ್ಞಾನಿಯು ೧೯೦೩ರಲ್ಲಿ ಹೇಳಿಕೊಟ್ಟ ಈ ಪರೀಕ್ಷೆಯು ಇಂದಿಗೂ ಬಳಕೆಯಲ್ಲಿದೆ. ಖರ್ಚು ಅತ್ಯಲ್ಪ, ಹಿಡಿಯುವ ಹೊತ್ತು ಒಂದು ಗಂಟೆಗೂ ಕಡಮೆ.

ಮನುಷ್ಯನಿಗೆ ಈ ರೋಗವು ಬಹುಮಟ್ಟಿಗೆ ಚರ್ಮದ ಗಾಯದ ಮೂಲಕ ತಗಲುತ್ತದೆ. ಕೈಯಲ್ಲೋ ಕುತ್ತಿಗೆಯಲ್ಲೋ ಗುಳ್ಳೆಯೆದ್ದು, ನೋವಿಲ್ಲದೆ, ನಡುವೆ ಕರಿಯ ಹೆಪ್ಪಳೆ ಕಟ್ಟುತ್ತದೆ. ನೋವಿಲ್ಲವೆಂದು ಅಲಕ್ಷ್ಯ ಮಾಡುವುದೇ ಅಪಾಯ. ಆಗಲೇ ಆಸ್ಪತ್ರೆಗೆ ಹೋದರೆ ಔಷಧದಿಂದ ಗುಣವಾಗುತ್ತದೆ. ಮಾಂಸವನ್ನು ತಿಂದವರಿಗೆ ಹೊಟ್ಟೆಯಲ್ಲಿ ಹುಟ್ಟುವ ರೋಗವು ಇನ್ನೂ ಕ್ರೂರವಾದುದು. ಹಸು ಸತ್ತುದರಿಂದ ಯಜಮಾನನಿಗೆ ಹಣ ನಷ್ಟ. ಅದರ ಚರ್ಮವನ್ನು ಸುಲಿಯಲು ಕರೆಯಿಸಿಕೊಂಡ ಬಡವನಿಗಾದರೋ ಪ್ರಾಣವೇ ನಷ್ಟವಾಗಬಹುದು. ಆತನನ್ನು ಕರೆಯುವ ಮೊದಲು ವೈದ್ಯನನ್ನು ಕರೆಯುವುದು ಯಜಮಾನನ ಧರ್ಮವಾಗಿದೆ.

ಗಳಲೆ ಮತ್ತು ಚಪ್ಪೆ

ಮುಂಗಾರಿನ ಮೊದಲ ಮಳೆಗಳೊಡನೆ ಬರುವ ರೋಗವು ಗಳಲೆ. ಕೆಲವು ಸೀಮೆಗಳಲ್ಲಿ ಇದನ್ನೇ ಗಂಟಲು ಬೇನೆಯೆನ್ನುವರು. ಎಮ್ಮೆಗಳಿಗೆ ಇದರ ಬಾಧೆ ಹೆಚ್ಚು. ಮೈ ಕೆಂಡದಂತೆ ಕಾಯುತ್ತದೆ, ಬಾಯಿಂದ ಜೊಲ್ಲು ಸುರಿಯುತ್ತದೆ, ಗಂಟಲಿನಿಂದ ಎದೆಯವರೆಗೆ ಬಾವು ಇಳಿಯುತ್ತದೆ. ಉಸಿರೆಳೆಯುವಾಗ ಗೊರಗೊರ ಸದ್ದು ಕೇಳಿಸುತ್ತದೆ. ಒಂದೆರಡು ದಿನಗಳೊಳಗೆ, ಕೆಲವೊಮ್ಮೆ ಕೆಲವೇ ಗಂಟೆಗಳೊಳಗೆ, ಎಲ್ಲವೂ ಮುಗಿದುಹೋಗುತ್ತದೆ. ಇದರ ರೋಗಾಣುವಿನ ಹೆಸರು ಪಾಶ್ಚುರೆಲ್ಲಾ. ರಕ್ತದ ಹನಿಗೆ ಬಣ್ಣ ಕಟ್ಟಿ ನೋಡಿದಾಗ ಈ ಸೂಕ್ಷ್ಮಜೀವಿಯ ಎರಡು ತುದಿಗಳು ಮಾತ್ರ ಗಾಢವಾಗಿ ಬಣ್ಣ ಹೀರಿ, ನಡುವಣ ಭಾಗ ಬರಿದಾಗಿರುವುದು ಇದರ ಗುರುತು. ಸತ್ತು ಹೆಚ್ಚು ಹೊತ್ತಾಗಿ ಕಳೇಬರ ಕೆಡತೊಡಗಿದ್ದರೆ ರಕ್ತದ ಪರೀಕ್ಷೆ ಫಲಿಸದು. ಆಗ ಕಾಲಿನ ಉದ್ದನೆಯ ಎಲುಬೊಂದನ್ನು ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಎಲುಬಿನೊಳಗಣ ನೆಣದಲ್ಲಿ ರೋಗಾಣು ಕೆಡದೆ ಉಳಿದಿರುತ್ತದೆ. ನೆರಡಿಯಲ್ಲವೆಂಬುದು ಖಚಿತವಾದ ಮೇಲೆಯೇ ವೈದ್ಯರು ಈ ಕೆಲಸಕ್ಕೆ ಕೈಯಿಕ್ಕುವರೆಂಬುದನ್ನು ಗಮನಿಸಬೇಕು.

ಚಪ್ಪೆ ರೋಗವು ಇನ್ನೊಂದು ಬಗೆಯದು. ಆರು ತಿಂಗಳಿನಿಂದ ಎರಡು ವರ್ಷದೊಳಗಿನ, ಮೈ ತುಂಬಿಕೊಂಡು ಲಕ್ಷಣವಾಗಿರುವ ಕರುಗಳನ್ನೇ ಇದು ಆರಿಸಿಕೊಳ್ಳುತ್ತದೆ. ಹಳ್ಳಿಯವರು "ಚೆನ್ನಾಗಿದ್ದ ಕರುವಿಗೇ ದೃಷ್ಟಿಯಾಯಿತು" ಎಂದು ಮರುಗುವುದಕ್ಕೆ ಇದೊಂದು ಕಾರಣವಿದ್ದೀತು. ಕರು ಕುಂಟತೊಡಗುತ್ತದೆ, ಚಪ್ಪೆಯ ಮೇಲೋ ಹೆಗಲ ಮೇಲೋ ಬಾವು ಬರುತ್ತದೆ. ಬಾವು ಮೊದಲು ಬಿಸಿಯಾಗಿದ್ದು ನೋಯುತ್ತದೆ. ಆಮೇಲೆ ತಣ್ಣಗಾಗಿ ನೋವೂ ತಿಳಿಯದಂತಾಗುತ್ತದೆ. ಬೆರಳಿನಿಂದ ಒತ್ತಿದರೆ ಒಳಗೆ ಗಾಳಿ ತುಂಬಿದಂತೆ ಕರಕರ ಸದ್ದಾಗುತ್ತದೆ. ಆ ಸದ್ದೇ ಇದರ ದೊಡ್ಡ ಕುರುಹು. ಮಾಂಸದ ತುಣುಕಿನಿಂದ ರೋಗಾಣುವನ್ನು ಗುರುತಿಸಿ ವೈದ್ಯರು ನಿಶ್ಚಯಿಸುತ್ತಾರೆ.

ಈ ಮೂರು ರೋಗಗಳಿಗೂ ಲಸಿಕೆಗಳಿವೆ. ೧೯೨೫ರಲ್ಲಿ ಮೈಸೂರು ಸೀರಂ ಸಂಸ್ಥೆಯೆಂಬ ಹೆಸರಿನಿಂದ ಆರಂಭವಾಗಿ, ಇಂದು ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯೆಂದು ಹೆಸರಾಗಿರುವ ನಮ್ಮ ನಾಡಿನ ಸಂಸ್ಥೆಯೇ ಇವುಗಳನ್ನು ತಯಾರಿಸುತ್ತದೆ. ಗಳಲೆ ಮತ್ತು ಚಪ್ಪೆಯ ಲಸಿಕೆಗಳನ್ನು ಮಳೆಗಾಲಕ್ಕೆ ಮುಂಚೆಯೇ ಹಾಕಿಸಬೇಕು. ರೋಗ ಬಂದ ಮೇಲೆ ಲಸಿಕೆಗೆ ಓಡುವುದು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಕಂದು ಹಾಕುವ ರೋಗ

ಮೇಲೆ ಹೇಳಿದ ರೋಗಗಳು ಹಟ್ಟಿಗೆ ಸದ್ದು ಮಾಡಿಕೊಂಡು ನುಗ್ಗುವಂಥವು. ಸದ್ದಿಲ್ಲದೆ ಬಂದು ನೆಲೆಯೂರುವ ರೋಗವೊಂದಿದೆ. ಪರಸ್ಥಳದ ನಮ್ಮವರನ್ನು ಹೆಚ್ಚಾಗಿ ವಂಚಿಸುವುದೂ ಅದೇ. ಅದು ಬ್ರೂಸೆಲ್ಲೋಸಿಸ್, ಎಂದರೆ ಕಂದು ಹಾಕುವ ರೋಗ.

ಗಬ್ಬದ ಹಸು ಆರೇಳು ತಿಂಗಳು ತುಂಬಿದ ಮೇಲೆ ಕಂದು ಹಾಕುತ್ತದೆ; ಮಾಸು ಸಲೀಸಾಗಿ ಬೀಳುವುದಿಲ್ಲ. ಬಹುಮಟ್ಟಿಗೆ ಒಮ್ಮೆ ಹೀಗಾದ ಹಸು ಮುಂದಿನ ಬಾರಿ ದಿನ ತುಂಬಿಯೇ ಕರು ಹಾಕೀತು. ಆದುದರಿಂದ ಯಜಮಾನನು ರೋಗ ಹೋಯಿತೆಂದು ತಿಳಿಯುತ್ತಾನೆ. ರೋಗಾಣುವಾದರೋ ಕೆಚ್ಚಲಿನಲ್ಲಿಯೂ ಗರ್ಭದಲ್ಲಿಯೂ ನೆಲೆಸಿ, ಹಾಲಿನೊಡನೆ, ಮಾಸಿನೊಡನೆ ಹೊರಬೀಳುತ್ತಲೇ ಇರುತ್ತದೆ. ಅಂತಹ ಹಸುವನ್ನು ಸಂತೆಯಲ್ಲಿ ಮಾರಿದರೆ ರೋಗವನ್ನೂ ಮಾರಿದಂತಾಗುತ್ತದೆ. ಕೊಂಡವನು ಹಲ್ಲನ್ನೂ ಕೆಚ್ಚಲನ್ನೂ ನೋಡುತ್ತಾನೆ, ರಕ್ತವನ್ನು ನೋಡುವುದಿಲ್ಲ.

ಮನುಷ್ಯನಿಗೆ ಇದು ತಗಲಿದರೆ ಸಂಜೆಯ ಹೊತ್ತಿಗೆ ಏರುವ ಜ್ವರ, ರಾತ್ರಿ ಬೆವರು, ಸೊಂಟನೋವು, ಕೀಲುನೋವು, ತೀರದ ಆಯಾಸ. ಜ್ವರ ಕೆಲವು ದಿನ ಬಿಟ್ಟು ಮತ್ತೆ ಬರುತ್ತದೆ. ರಜೆಯಲ್ಲಿ ಊರಿಗೆ ಹೋಗಿ ಹಸುವಿನ ಹೆರಿಗೆಗೆ ಕೈಕೊಟ್ಟು ಬಂದವನಿಗೆ, ಅಥವಾ ಕಾಯಿಸದ ಹಾಲನ್ನು ಕುಡಿದು ಬಂದವನಿಗೆ, ಕೆಲವು ವಾರಗಳ ನಂತರ ಮುಂಬಯಿಯ ಕೋಣೆಯಲ್ಲಿ ಈ ಜ್ವರ ಕಾಣಿಸಿಕೊಂಡಾಗ ಅದನ್ನು ಮಲೇರಿಯವೆಂದೋ ಕ್ಷಯವೆಂದೋ ಭಾವಿಸುವುದು ಸಹಜ. ಪಟ್ಟಣದ ವೈದ್ಯರು ಹಟ್ಟಿಯ ವಿಚಾರವನ್ನು ತಾವಾಗಿ ಕೇಳಲಾರರು, ರೋಗಿಯೇ ಹೇಳಬೇಕು. "ಊರಿನಲ್ಲಿ ದನಗಳೊಂದಿಗೆ ಇದ್ದೆ, ಹಸುವೊಂದು ಕಂದು ಹಾಕಿತ್ತು" ಎಂಬ ಒಂದು ಮಾತಿನಿಂದ ತಿಂಗಳುಗಟ್ಟಲೆಯ ಅಲೆದಾಟ ತಪ್ಪೀತು. ಚಿಕಿತ್ಸೆಯೇನೋ ಇದೆ, ಆದರೆ ಎರಡು ಬಗೆಯ ಔಷಧಗಳನ್ನು ಆರು ವಾರಗಳಷ್ಟು ಕಾಲ ಬಿಡದೆ ಸೇವಿಸಬೇಕಾಗುತ್ತದೆ.

ಈ ರೋಗದ ಮೂಲವನ್ನು ಹುಡುಕಿದ ಕಥೆಯೂ ಹಾಲಿನ ಕಥೆಯೇ. ಮಾಲ್ಟಾ ದ್ವೀಪದಲ್ಲಿದ್ದ ಬ್ರಿಟಿಷ್ ಸೈನಿಕರು ಇಂತಹ ಜ್ವರದಿಂದ ನರಳುತ್ತಿದ್ದರು. ಡೇವಿಡ್ ಬ್ರೂಸ್ ಎಂಬ ಸೇನಾವೈದ್ಯನು ೧೮೮೭ರಲ್ಲಿ ರೋಗಾಣುವನ್ನು ಕಂಡನಾದರೂ ಅದು ಎಲ್ಲಿಂದ ಬರುತ್ತದೆಂಬುದು ತಿಳಿಯಲಿಲ್ಲ. ೧೯೦೫ರಲ್ಲಿ ಅದೇ ದ್ವೀಪದ ವೈದ್ಯ ಜಾಮಿಟ್ ಎಂಬಾತನು, ನೋಡುವುದಕ್ಕೆ ಆರೋಗ್ಯವಾಗಿದ್ದ ಆಡುಗಳಲ್ಲಿ ಈ ರೋಗವಿರುವುದನ್ನು ಪತ್ತೆಮಾಡಿದನು. ಮರುವರ್ಷ ಸೈನಿಕರಿಗೆ ಆಡಿನ ಹಾಲನ್ನು ನಿಲ್ಲಿಸಿದರು, ಜ್ವರವೂ ಇಳಿಯಿತು. ಹಸುಗಳಲ್ಲಿ ಕಂದು ಹಾಕಿಸುವ ರೋಗಾಣುವನ್ನು ಡೆನ್ಮಾರ್ಕಿನ ಬ್ಯಾಂಗ್ ಎಂಬಾತನು ೧೮೯೭ರಲ್ಲಿಯೇ ಕಂಡುಹಿಡಿದಿದ್ದನು.

ಇದರ ಪತ್ತೆಗೆ ಇರುವ ಒಂದು ಪರೀಕ್ಷೆಯನ್ನು, ಹೋಟೆಲಿನ ಒಲೆಯೆದುರು ಬಹುಕಾಲ ಹಾಲು ಕಾಯಿಸಿದ ನಾವು ವಿಶೇಷ ಆದರದಿಂದ ಕಾಣುತ್ತೇವೆ. ಸಣ್ಣ ಕೊಳವೆಯಲ್ಲಿ ಹಸಿ ಹಾಲನ್ನು ತೆಗೆದುಕೊಂಡು, ನೀಲಿ ಬಣ್ಣ ಕಟ್ಟಿದ ಸತ್ತ ರೋಗಾಣುಗಳ ದ್ರಾವಣವನ್ನು ಒಂದು ಹನಿ ಬೆರೆಸಿ, ಮೈಯ ಬಿಸಿಯಷ್ಟು ಶಾಖದಲ್ಲಿ ಸುಮಾರು ಒಂದು ಗಂಟೆ ಇಡುತ್ತಾರೆ. ಹಸುವಿಗೆ ರೋಗ ತಗಲಿದ್ದರೆ, ಅದರ ಮೈ ಹುಟ್ಟಿಸಿದ ಪ್ರತಿವಿಷವು ಹಾಲಿನಲ್ಲಿಯೂ ಇದ್ದು, ಆ ನೀಲಿ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಅಂಟಿದ ಕಣಗಳು ಕೆನೆಯೊಡನೆ ಮೇಲೇರಿ ನೀಲಿಯ ಉಂಗುರವಾಗಿ ನಿಲ್ಲುತ್ತವೆ. ಕೆಳಗಿನ ಹಾಲು ಬೆಳ್ಳಗೆ ಉಳಿಯುತ್ತದೆ. ರೋಗವಿಲ್ಲದಿದ್ದರೆ ಕೆನೆ ಬಿಳಿ, ಹಾಲು ನೀಲಿ. ಡೈರಿಗೆ ಬಂದ ಕ್ಯಾನಿನ ಹಾಲನ್ನು ಹೀಗೆ ನೋಡಿ, ಸಂಶಯ ಬಂದಲ್ಲಿ ಆ ಹಟ್ಟಿಯ ದನಗಳ ರಕ್ತವನ್ನು ಒಂದೊಂದಾಗಿ ಪರೀಕ್ಷಿಸುವುದು ಕ್ರಮ. ರಕ್ತದ ನೀರಿನ ಒಂದು ಹನಿಗೆ ಗುಲಾಬಿ ಬಣ್ಣದ ದ್ರಾವಣದ ಒಂದು ಹನಿಯನ್ನು ಬೆರೆಸಿ ತಟ್ಟೆಯ ಮೇಲೆ ಆಡಿಸಿದರೆ, ರೋಗವಿದ್ದಲ್ಲಿ ನಾಲ್ಕು ನಿಮಿಷಗಳೊಳಗೆ ಗರಣೆ ಕಟ್ಟುತ್ತದೆ.

ಭಾರತ ಸರ್ಕಾರವು ೨೦೧೯ರಲ್ಲಿ ಕಾಲುಬಾಯಿ ಜ್ವರದೊಡನೆ ಈ ರೋಗದ ನಿಯಂತ್ರಣಕ್ಕೂ ಯೋಜನೆಯನ್ನು ಕೈಗೊಂಡಿತು. ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣು ಕರುಗಳಿಗೆ ಒಮ್ಮೆ ಲಸಿಕೆ ಹಾಕುವುದು ಇದರ ವಿಧಾನ. ಗಬ್ಬದ ಹಸುಗಳಿಗೂ ಗಂಡು ಕರುಗಳಿಗೂ ಅದನ್ನು ಹಾಕುವಂತಿಲ್ಲ. ಹೆಣ್ಣು ಕರುವಿರುವ ಮನೆಯವರು ಈ ವಯಸ್ಸು ದಾಟದಂತೆ ನೋಡಿಕೊಳ್ಳಬೇಕು.

ಕೆಚ್ಚಲು ಬಾವು, ಕೂಡದ ಮೊಸರು

ದಿನದಿನದ ಲಾಭನಷ್ಟವನ್ನು ನೋಡಿದರೆ ಕೆಚ್ಚಲು ಬಾವಿನಷ್ಟು ಮನೆಹಾಳು ರೋಗ ಬೇರಿಲ್ಲ. ಕೆಚ್ಚಲು ಕೆಂಪಾಗಿ ಊದಿ ಹಾಲು ಗರಣೆಗಟ್ಟಿದಾಗ ಎಲ್ಲರಿಗೂ ತಿಳಿಯುತ್ತದೆ. ಹೊರಗೇನೂ ಕಾಣದೆ ಹಾಲು ಮಾತ್ರ ಕಡಮೆಯಾಗುತ್ತ ಹೋಗುವ ಗುಪ್ತ ಬಾವು ಇನ್ನೂ ಹೆಚ್ಚು. ಇದಕ್ಕೆ ೧೯೫೭ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಒಂದು ಸುಲಭ ಪರೀಕ್ಷೆ ರೂಪುಗೊಂಡಿತು. ನಾಲ್ಕು ಮೊಲೆಗಳ ಹಾಲನ್ನು ನಾಲ್ಕು ಬಟ್ಟಲುಗಳಲ್ಲಿ ಕರೆದು, ಸಾಬೂನಿನ ಜಾತಿಯ ದ್ರಾವಣವನ್ನು ಸಮಪಾಲು ಬೆರೆಸಿ ಆಡಿಸುವುದು; ಬಾವಿರುವ ಮೊಲೆಯ ಹಾಲು ಲೋಳೆಯಂತೆ ಗಟ್ಟಿಯಾಗುತ್ತದೆ. ಬಟ್ಟೆ ಒಗೆಯುವ ಪುಡಿಯನ್ನು ನೀರಿನಲ್ಲಿ ಕರಗಿಸಿಯೂ ಇದನ್ನು ಮಾಡಬಹುದೆಂದು ತಜ್ಞರು ತೋರಿಸಿದ್ದಾರೆ. ಪರೀಕ್ಷಿಸಿದ ಹಾಲನ್ನು ಚೆಲ್ಲಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಬಾವು ಇದೆಯೆಂದು ತಿಳಿದರೆ ಸಾಲದು, ಯಾವ ರೋಗಾಣುವಿನದು, ಯಾವ ಔಷಧಕ್ಕೆ ಮಣಿಯುತ್ತದೆ ಎಂಬುದೂ ತಿಳಿಯಬೇಕು. ಪ್ರಯೋಗಶಾಲೆಯಲ್ಲಿ ಹಾಲಿನ ಹನಿಯನ್ನು ತಟ್ಟೆಯಲ್ಲಿ ಬಿತ್ತಿ ರೋಗಾಣುವನ್ನು ಬೆಳೆಸಿ, ಅದರ ಮೇಲೆ ಬೇರೆ ಬೇರೆ ಔಷಧಗಳಲ್ಲಿ ಅದ್ದಿದ ಸಣ್ಣ ಕಾಗದದ ಬಿಲ್ಲೆಗಳನ್ನಿಡುತ್ತಾರೆ. ಯಾವ ಬಿಲ್ಲೆಯ ಸುತ್ತ ಬೆಳೆ ನಿಂತು ಬಯಲು ತೋರುವುದೋ ಆ ಔಷಧ ನಾಟುತ್ತದೆ. ಇದೊಂದನ್ನೂ ನೋಡದೆ ಅಂಗಡಿಯಿಂದ ತಂದ ಇಂಜೆಕ್ಷನ್ನನ್ನು ಚುಚ್ಚಿಸುವುದರಿಂದ ರೋಗಾಣು ಔಷಧಕ್ಕೆ ಒಗ್ಗಿಹೋಗುತ್ತದೆ. ನಾಳೆ ಅದೇ ಔಷಧ ಮನುಷ್ಯನಿಗೂ ನಾಟದಂತಾಗುತ್ತದೆ. ಔಷಧ ಚುಚ್ಚಿದ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಮಾರಬಾರದು. ಅಂತಹ ಹಾಲು ಬೆರೆತರೆ ಎಷ್ಟು ಹೆಪ್ಪು ಹಾಕಿದರೂ ಮೊಸರು ಸರಿಯಾಗಿ ಕೂಡುವುದಿಲ್ಲ. ಏಕೆಂದರೆ ಮೊಸರನ್ನು ಕೂಡಿಸುವುದೂ ಸೂಕ್ಷ್ಮಜೀವಿಗಳೇ. ಹೋಟೆಲಿನ ಅಡಿಗೆಯವರು "ಇಂದು ಹಾಲು ಸರಿಯಿಲ್ಲ" ಎಂದು ಗೊಣಗುವಾಗ, ಒಮ್ಮೊಮ್ಮೆ ಅವರು ತಮಗರಿಯದೆಯೇ ಒಂದು ಪರೀಕ್ಷೆಯ ಫಲಿತಾಂಶವನ್ನು ಹೇಳುತ್ತಿರುತ್ತಾರೆ.

ದನದ ಕ್ಷಯರೋಗವನ್ನೂ ಇಲ್ಲಿ ನೆನೆಯಬೇಕು. ಕುತ್ತಿಗೆಯ ಚರ್ಮದೊಳಗೆ ಟ್ಯೂಬರ್ಕುಲಿನ್ ಎಂಬ ದ್ರವವನ್ನು ಚುಚ್ಚಿ, ೭೨ ಗಂಟೆಗಳ ನಂತರ ಅಲ್ಲಿ ಚರ್ಮ ಎಷ್ಟು ದಪ್ಪವಾಗಿದೆಯೆಂದು ಅಳೆದು ಅದನ್ನು ಕಂಡುಹಿಡಿಯುತ್ತಾರೆ. ಈ ಕ್ಷಯವೂ ಬ್ರೂಸೆಲ್ಲೋಸಿಸ್ಸೂ ಹಸಿ ಹಾಲಿನ ಮೂಲಕ ನಮ್ಮನ್ನು ಸೇರುತ್ತವೆ; ಹಾಲನ್ನು ಚೆನ್ನಾಗಿ ಕುದಿಸಿದರೆ ಎರಡೂ ಸಾಯುತ್ತವೆ. ಹಾಲು ಉಕ್ಕುವ ತನಕ ಕಾಯಿಸುವ ನಮ್ಮ ಅಜ್ಜಿಯರ ರೂಢಿ ಈ ವಿಷಯದಲ್ಲಿ ಶಾಸ್ತ್ರಕ್ಕೆ ಸರಿಸಮವಾದುದು. ನೊರೆಹಾಲು ಮೈಗೆ ಪುಷ್ಟಿಯೆಂಬ ನಂಬಿಕೆಯನ್ನು ಮಾತ್ರ ಬಿಡುವುದು ಲೇಸು.

ನೆರವಿರುವ ತಾಣಗಳು

ನಮ್ಮ ದೇಶದಲ್ಲಿ ಈ ಶಾಸ್ತ್ರಕ್ಕೆ ಹಿರಿದಾದ ಪರಂಪರೆಯಿದೆ. ೧೮೮೯ರಲ್ಲಿ ಪುಣೆಯಲ್ಲಿ ಆರಂಭವಾದ ರೋಗಾಣು ಪ್ರಯೋಗಶಾಲೆಯು ೧೮೯೩ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಗಿ, ಇಂದು ಬರೇಲಿಯ ಇಜ್ಜತ್‌ನಗರದಲ್ಲಿ ಕೇಂದ್ರವುಳ್ಳ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯಾಗಿ ಬೆಳೆದಿದೆ. ಮುಂಬಯಿಯ ಪರೇಲಿನ ಪಶುವೈದ್ಯ ಕಾಲೇಜು ೧೮೮೬ರದು. ಬೆಂಗಳೂರಿನ ಯಲಹಂಕದಲ್ಲಿರುವ ರಾಷ್ಟ್ರೀಯ ಸಂಸ್ಥೆಯೊಂದು ಯಾವ ಜಿಲ್ಲೆಯಲ್ಲಿ ಯಾವ ಪಶುರೋಗ ತಲೆದೋರಬಹುದೆಂಬ ಮುನ್ಸೂಚನೆಯನ್ನು ಕೊಡುತ್ತದೆ. ಶತಮಾನಗಳ ಕಾಲ ದನಗಳನ್ನು ಹಿಂಡುಹಿಂಡಾಗಿ ನುಂಗಿದ ದೊಡ್ಡ ರೋಗವು ಭೂಮಿಯಿಂದಲೇ ಅಳಿಯಿತೆಂದು ೨೦೧೧ರಲ್ಲಿ ಜಗತ್ತಿಗೆ ಸಾರಲಾಯಿತು. ಅದು ವೈರಾಣುವಿನ ರೋಗವಾಗಿದ್ದರೂ, ಪತ್ತೆ ಮತ್ತು ಲಸಿಕೆ ಇವೆರಡು ಕೂಡಿದರೆ ಏನಾಗಬಲ್ಲುದೆಂಬುದಕ್ಕೆ ಅದೇ ಸಾಕ್ಷಿ.

ಇಷ್ಟೆಲ್ಲ ಇದ್ದರೂ ಹಟ್ಟಿಯ ಬಾಗಿಲಲ್ಲಿ ನಿಂತವನು ಕರೆಯದಿದ್ದರೆ ಯಾವ ಸಂಸ್ಥೆಯೂ ನೆರವಾಗಲಾರದು. ಪಶುಚಿಕಿತ್ಸಾ ವಾಹನವನ್ನು ಕರೆಯಲು ೧೯೬೨ ಎಂಬ ಉಚಿತ ದೂರವಾಣಿ ಸಂಖ್ಯೆಯಿದೆ. ಮುಂದಿನ ಬಾರಿ ಊರಿನಿಂದ ದನ ಸತ್ತ ಸುದ್ದಿ ಬಂದಾಗ ನಮ್ಮ ವಾಚಕರು ಹಣ ಎಷ್ಟು ಬೇಕೆಂದು ಕೇಳುವ ಮುನ್ನ ಈ ನಾಲ್ಕು ಮಾತುಗಳನ್ನು ಕೇಳಬೇಕೆಂದು ಪ್ರಾರ್ಥಿಸುತ್ತೇವೆ. ಮೂಗು ಬಾಯಿಗಳಿಂದ ರಕ್ತ ಸೋರಿದೆಯೇ? ವೈದ್ಯರು ಬಂದು ರಕ್ತದ ಹನಿ ತೆಗೆದರೇ? ಅಲ್ಲಿಯವರೆಗೆ ಕಳೇಬರವನ್ನು ಯಾರೂ ಮುಟ್ಟದಂತೆ, ಕೊಯ್ಯದಂತೆ, ನಾಯಿ ಹದ್ದುಗಳು ಎಳೆಯದಂತೆ ಕಾದಿದ್ದಾರೆಯೇ? ಉಳಿದ ದನಗಳಿಗೆ ಲಸಿಕೆಯಾಗಿದೆಯೇ? ನೆರಡಿಯೆಂದು ತಿಳಿದುಬಂದರೆ ಕಳೇಬರವನ್ನು ವೈದ್ಯರ ಸಮ್ಮುಖದಲ್ಲಿ ಸುಡಬೇಕು, ಇಲ್ಲವೆ ನೀರಿನ ಸೆಲೆಯಿಂದ ದೂರವಾಗಿ ಆಳವಾದ ಗುಂಡಿಯಲ್ಲಿ, ಚರ್ಮ ಸುಲಿಯದೆ ಹೂಳಬೇಕು.

ಹೋದ ಹಸುವಿಗೆ ಬದಲಾಗಿ ಇನ್ನೊಂದು ಹಸುವನ್ನು ತರಲು ನಾವು ದುಡಿದು ಕಳುಹಿಸಬಹುದು. ಆ ಹಸು ಬಂದು ನಿಲ್ಲುವ ಹಟ್ಟಿಯೂ ಮೇಯುವ ಬಯಲೂ ಶುದ್ಧವಾಗಿವೆಯೆ ಎಂಬುದನ್ನು ತಿಳಿಯದೆ ಕಳುಹಿಸಿದ ಹಣವು ಅದೇ ರೋಗಾಣುವಿಗೆ ಇನ್ನೊಂದು ತುತ್ತಾದೀತು. ಮೊದಲು ಒಂದು ಹನಿ ರಕ್ತದ ಪರೀಕ್ಷೆಯಾಗಲಿ. ಹಣದ ಮಾತು ಆಮೇಲಿರಲಿ.